ದವಡೆ ಹಲ್ಲಿನ ಲೈಟ್ ಫಿಲ್ಲಿಂಗ್ ನಿಮಗೆ ಎಷ್ಟು ವರ್ಷ ಬಂತು?

ಪ್ರಶ್ನೆ, ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ನನ್ನ ಕೆಳಗಿನ ದವಡೆಯಲ್ಲಿ ಎರಡು ಹಲ್ಲಿನ ಸಂದಿಗೆ ಹುಳುಕು ಬಿದ್ದಿತ್ತು. ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ತುಂಬಿ, ನೀಲಿ ಲೈಟು ಹಿಡಿದು ಗಟ್ಟಿ ಮಾಡಿದ್ದರು. ಎರಡು ವರ್ಷ ತುಂಬುವುದರೊಳಗೆ ಒಂದು ಮೂಲೆ ಕಿತ್ತು ಬಂದಿದೆ. ಈಗ ಆ ಸಂದಿನಲ್ಲಿ ಊಟ ಸಿಕ್ಕಿಕೊಳ್ಳುತ್ತದೆ, ತಣ್ಣೀರು ತಾಗಿದರೆ ಜುಮ್ ಅನ್ನುತ್ತದೆ. ನಮ್ಮಪ್ಪನ ಬೆಳ್ಳಿ ಬಣ್ಣದ ಫಿಲ್ಲಿಂಗ್ ನಾನು ಹುಡುಗನಾಗಿದ್ದಾಗಿನದು, ಇನ್ನೂ ಗಟ್ಟಿಯಾಗಿದೆ. ನಾನು ಮತ್ತೆ ಲೈಟ್ ಫಿಲ್ಲಿಂಗೇ ಹಾಕಿಸಲಾ, ಬೆಳ್ಳಿಯದು ಕೇಳಲಾ, ಇಲ್ಲ ಕ್ಯಾಪ್‌ಗೆ ಹೋಗಲಾ? ನಿಮ್ಮ ಅನುಭವ ಹೇಳಿ.

ಮೈಸೂರು, ಕುವೆಂಪುನಗರದಿಂದ:

ನನ್ನದು ಮುಂದಿನ ಹಲ್ಲು. ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಾಗ ಹಾಕಿಸಿದ್ದು, ಈಗ ಅವಳಿಗೇ ಮಗು ಇದೆ. ಫಿಲ್ಲಿಂಗ್ ಅಲುಗಾಡಿಲ್ಲ. ಅಂಚಿನಲ್ಲಿ ಮಾತ್ರ ಕಂದು ಗೆರೆ ಮೂಡಿತ್ತು. ದಿನಾ ಕಾಫಿ, ಅಡುಗೆಗೆ ಅರಿಶಿನ, ಬಣ್ಣ ಹಿಡಿಯದೇ ಇರುತ್ತದಾ? ಕಿತ್ತು ಹೊಸದು ಹಾಕಬೇಕೇನೋ ಅಂತ ಹೆದರಿಕೊಂಡು ಹೋದೆ. ಡಾಕ್ಟರ್ ಉಜ್ಜಿ ಪಾಲಿಶ್ ಮಾಡಿ ಕಳಿಸಿದರು. ಗೆರೆ ಕಂಡ ಮಾತ್ರಕ್ಕೆ ಒಳಗೆ ಹುಳುಕಾಗಿದೆ ಅಂತಲ್ಲ, ಸುಮ್ನೆ ಕೀಳಿಸಬೇಡಿ ಅಂದರು. ದವಡೆ ಹಲ್ಲಿನ ವಿಷಯ ಬಲ್ಲವರು ಹೇಳಲಿ.

ಹಲ್ಲಿನ ಡಾಕ್ಟರ್, ಓದಿದ್ದು ಮೈಸೂರು, ಕೆಲಸ ಮಂಡ್ಯ ಜಿಲ್ಲೆ:

ಸರ್, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಫಿಲ್ಲಿಂಗ್ ಬಿದ್ದರೆ ಎಲ್ಲರೂ ವಸ್ತುವನ್ನೇ ಬೈಯುತ್ತಾರೆ. ನಾನು ನೋಡಿದ ಮಟ್ಟಿಗೆ, ಯಾವ ವಸ್ತು ಅನ್ನುವುದಕ್ಕಿಂತ ಅದನ್ನು ತುಂಬುವಾಗ ಹಲ್ಲು ಎಷ್ಟು ಒಣಗಿತ್ತು, ಬೆಳಕು ತಳದವರೆಗೆ ಮುಟ್ಟಿತೇ ಅನ್ನುವುದೇ ದೊಡ್ಡದು.

ಈ ಫಿಲ್ಲಿಂಗ್‌ಗೆ ನಾವು ಕಾಂಪೋಸಿಟ್ ಅನ್ನುತ್ತೇವೆ. ಅಂಟಿನಂಥ ರೆಸಿನ್, ಅದರೊಳಗೆ ಗಾಜು ಮತ್ತು ಸಿಲಿಕಾದ ತುಂಬಾ ಸಣ್ಣ ಪುಡಿ. ಇಂದಿಗೂ ಬಹಳ ಕಡೆ ಬಳಸುವ ಬಿಸ್-ಜಿಎಂಎ ಅನ್ನುವ ರೆಸಿನ್‌ಗೆ ಅಮೆರಿಕದ ರಾಫೆಲ್ ಬೋವೆನ್ ಪೇಟೆಂಟ್ ಪಡೆದದ್ದು 1962ರಲ್ಲಿ. ಪೇಸ್ಟಿನಲ್ಲಿ ಕ್ಯಾಂಫರ್‌ಕ್ವಿನೋನ್ ಅನ್ನುವ ಹಳದಿ ಪದಾರ್ಥ ಒಂದಿಷ್ಟು ಇರುತ್ತದೆ. ಸುಮಾರು 470 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದರೆ ಅದು ಕೆಲಸ ಶುರು ಮಾಡುತ್ತದೆ, ರೆಸಿನ್ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತದೆ. ಲೈಟು ಹಿಡಿಯುವುದು ಅದಕ್ಕೇ. (ಆ ಬೆಳಕನ್ನು ನೇರವಾಗಿ ನೋಡಬೇಡಿ. ಕಿತ್ತಳೆ ಬಣ್ಣದ ಕನ್ನಡಕ ಕೊಟ್ಟರೆ ಹಾಕಿಕೊಳ್ಳಿ.)

ಆದರೆ ಬೆಳಕು ಆಳಕ್ಕೆ ಹೋಗುವುದಿಲ್ಲ. ಸಾಮಾನ್ಯ ಕಾಂಪೋಸಿಟ್ ಆದರೆ ಸುಮಾರು 2 ಮಿಲಿಮೀಟರ್ ದಪ್ಪದ ಪದರ ಹಾಕಿ, ಒಂದೊಂದಕ್ಕೂ ಸುಮಾರು 20 ಸೆಕೆಂಡು ಲೈಟು ಹಿಡಿಯಬೇಕು. ಬಲ್ಕ್ ಫಿಲ್ ಅಂತ ಬರುವುದನ್ನು 4 ಮಿಲಿಮೀಟರ್‌ವರೆಗೆ ಒಂದೇ ಸಲ ತುಂಬಬಹುದು. ಅದಕ್ಕಿಂತ ದಪ್ಪ ತುಂಬಿದರೆ ಮೇಲೆ ಕಲ್ಲಿನಷ್ಟು ಗಟ್ಟಿ, ತಳ ಮೆತ್ತಗೆ. ಹಲ್ಲು ಕೆಳಗಿಂದ ನೋಡಲು ಆಗುವುದಿಲ್ಲವಲ್ಲ, ಹಾಗಾಗಿ ಅವತ್ತು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಹಾಗೆ ಸಂದಿನ ಹುಳುಕಿನಲ್ಲಿ ವಸಡಿನ ಹತ್ತಿರದ ತಳವೇ ಲೈಟಿನ ತುದಿಗೆ ಎಲ್ಲಕ್ಕಿಂತ ದೂರ. ದೂರವಾದಷ್ಟೂ ಬೆಳಕು ಕಡಿಮೆ. ಲೈಟು ಸ್ವಲ್ಪ ಓರೆಯಾದರೂ, ತುದಿಗೆ ಹಳೆಯ ರೆಸಿನ್ ಮೆತ್ತಿಕೊಂಡಿದ್ದರೂ ಅಷ್ಟೇ. ಮತ್ತೆ ಹುಳುಕಾಗುವುದು ಜಾಸ್ತಿ ಆ ತಳದಲ್ಲೇ.

ಎರಡನೆಯದು, ಗಟ್ಟಿಯಾಗುವಾಗ ಕಾಂಪೋಸಿಟ್ ಕುಗ್ಗುತ್ತದೆ. ನೂರಕ್ಕೆ ಎರಡು ಮೂರು ಪಾಲು. ಕಡಿಮೆ ಅನ್ನಿಸಬಹುದು, ಆದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಲು ಅಷ್ಟು ಸಾಕು. ಪದರ ಪದರವಾಗಿ ತುಂಬುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಜೊಲ್ಲು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮೈಕಲ್ ಬ್ಯೂನೊಕೋರ್ ಅನ್ನುವವರು 1955ರಲ್ಲಿ ಒಂದು ದಾರಿ ತೋರಿಸಿದರು. ಹಲ್ಲಿನ ಮೇಲ್ಪದರಕ್ಕೆ ಆಸಿಡ್ ಹಚ್ಚಿ ತೊಳೆದರೆ ಅದು ತರಿತರಿಯಾಗುತ್ತದೆ, ರೆಸಿನ್ ಆ ತರಿಗಳೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಹಾಗೆ ತಯಾರು ಮಾಡಿದ ಜಾಗಕ್ಕೆ ಜೊಲ್ಲು ಇಲ್ಲವೇ ವಸಡಿನ ರಕ್ತ ತಾಗಿದರೆ, ಒದ್ದೆ ಗೋಡೆಗೆ ಟೇಪ್ ಅಂಟಿಸಿದ ಹಾಗೆ. ಅದಕ್ಕೇ ರಬ್ಬರ್ ಡ್ಯಾಮ್ ಅಂತ ಒಂದು ಹಾಳೆ ಇದೆ. ಹಲ್ಲು ಮಾತ್ರ ಹೊರಗೆ ಕಾಣುವ ಹಾಗೆ ಅದನ್ನು ತೊಡಿಸಿದರೆ ಒಳಗೆ ಜೊಲ್ಲು ಬರುವುದಿಲ್ಲ. ಬಾಯಿ ತುಂಬ ರಬ್ಬರ್ ಇಟ್ಟರೆ ಕೆಲವರಿಗೆ ಕಿರಿಕಿರಿಯಾಗುತ್ತದೆ, ಬೇಡ ಅನ್ನುತ್ತಾರೆ. ದಯವಿಟ್ಟು ಬೇಡ ಅನ್ನಬೇಡಿ.

ಆಮೇಲೆ ಬಾಯೊಳಗೆ ಏನಾಗುತ್ತದೆ? ರೆಸಿನ್ ನಿಧಾನವಾಗಿ ನೀರು ಹೀರುತ್ತದೆ. ಜೊಲ್ಲಿನಲ್ಲಿರುವ ಕಿಣ್ವಗಳು ಅದನ್ನು ಸ್ವಲ್ಪ ಸ್ವಲ್ಪವೇ ಸವೆಸುತ್ತವೆ. ಬಿಸಿ ಕಾಫಿಗೆ, ತಣ್ಣನೆ ಐಸ್‌ಕ್ರೀಮಿಗೆ ಹಲ್ಲಿಗಿಂತ ಕಾಂಪೋಸಿಟ್ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಹಲ್ಲಿನ ಗಟ್ಟಿ ಮೇಲ್ಪದರದ ಜೊತೆಗಿನ ಹಿಡಿತ ವರ್ಷಗಟ್ಟಲೆ ಉಳಿಯುತ್ತದೆ, ಒಳಪದರ ಡೆಂಟಿನ್ ಜೊತೆಗಿನದು ಬೇಗ ಸಡಿಲವಾಗುತ್ತದೆ. ಇಷ್ಟಿದ್ದೂ, ಚೆನ್ನಾಗಿ ಹಾಕಿದ ದವಡೆ ಫಿಲ್ಲಿಂಗ್‌ಗಳಲ್ಲಿ ವರ್ಷಕ್ಕೆ ನೂರಕ್ಕೆ ಒಂದರಿಂದ ಮೂರು ಕೆಡುತ್ತವೆ ಅನ್ನುವುದು ಬಹುಕಾಲ ಗಮನಿಸಿ ನೋಡಿದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಸಿಗುವ ಲೆಕ್ಕ. ಅಂದರೆ ಹತ್ತು ವರ್ಷದ ಮೇಲೂ ಬಹುಪಾಲು ಉಳಿದಿರುತ್ತವೆ. ಕೆಡುವುದಕ್ಕೆ ಮುಖ್ಯ ಕಾರಣ ಎರಡು: ಅಂಚಿನಲ್ಲಿ ಮತ್ತೆ ಹುಳುಕು, ಇಲ್ಲವೇ ಮುರಿಯುವುದು. ಹುಳುಕು ಬೇಗ ಬೀಳುವ ಬಾಯಿಯಲ್ಲಿ ಕೆಡುವುದೂ ಬೇಗ.

ಅಪ್ಪಾಜಿಯವರ ಬೆಳ್ಳಿ ಫಿಲ್ಲಿಂಗ್ ಬಗ್ಗೆ. ಅದು ಅಮಾಲ್ಗಮ್, ಗಟ್ಟಿಮುಟ್ಟು, ತುಂಬುವಾಗ ಸ್ವಲ್ಪ ತೇವ ಇದ್ದರೂ ತಡೆದುಕೊಳ್ಳುತ್ತದೆ. ಆದರೆ ಅಂಟುವುದಿಲ್ಲ, ಹಿಡಿದು ನಿಲ್ಲಲು ಒಳ್ಳೆಯ ಹಲ್ಲನ್ನೂ ಕೊರೆಯಬೇಕು. ಅದರಲ್ಲಿ ಸುಮಾರು ಅರ್ಧ ಪಾದರಸ. ಪಾದರಸ ಕಡಿಮೆ ಮಾಡುವ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರಿಂದ, ವೈದ್ಯಕೀಯವಾಗಿ ತೀರಾ ಅಗತ್ಯ ಅನ್ನಿಸಿದ ಕಡೆ ಬಿಟ್ಟರೆ, ಅಮಾಲ್ಗಮ್ ಬಹುತೇಕ ನಿಂತುಹೋಗಿದೆ. ಇಲ್ಲೂ ಈಗ ಎಷ್ಟೋ ಕ್ಲಿನಿಕ್‌ಗಳಲ್ಲಿ ಇಡುವುದಿಲ್ಲ. ಅಪ್ಪಾಜಿಯವರದು ಚೆನ್ನಾಗಿದ್ದರೆ ಹಾಗೇ ಇರಲಿ, ಕೀಳಿಸಬೇಡಿ.

ನಿಮಗೆ ನನ್ನ ಸಲಹೆ: ಮೊದಲು ಎಕ್ಸ್‌ರೇ ತೆಗೆಸಿ. ಜುಮ್ ಅನ್ನುತ್ತಿದೆ ಅಂದರೆ ತಡ ಮಾಡಬೇಡಿ, ಹುಳುಕು ನರಕ್ಕೆ ಮುಟ್ಟಿದರೆ ರೂಟ್ ಕೆನಾಲ್‌ಗೆ ಹೋಗುತ್ತದೆ. ಹಲ್ಲಿನ ಗೋಡೆಗಳು ದಪ್ಪವಾಗಿ ಉಳಿದಿದ್ದರೆ ಮತ್ತೆ ಕಾಂಪೋಸಿಟ್ ಧೈರ್ಯವಾಗಿ ಹಾಕಿಸಬಹುದು. ಗೋಡೆ ತೆಳುವಾಗಿದ್ದರೆ, ಬಿರುಕು ಬಿಟ್ಟಿದ್ದರೆ ಕ್ಯಾಪ್ ಒಳ್ಳೆಯದು.

ಶ್ರೀರಂಗಪಟ್ಟಣದಿಂದ:

ಡಾಕ್ಟರ್ ಹೇಳಿದ್ದಕ್ಕೆ ನಮ್ಮ ಮನೆಯದೊಂದು ಸೇರಿಸುತ್ತೇನೆ. ನಮ್ಮ ಯಜಮಾನರಿಗೆ ಒಂದೇ ಹಲ್ಲಿನ ಫಿಲ್ಲಿಂಗ್ ಪದೇ ಪದೇ ಮುರಿಯುತ್ತಿತ್ತು. ಕ್ಲಿನಿಕ್ ಬದಲಾಯಿಸಿದರೂ ಅದೇ ಕಥೆ. ಕೊನೆಗೆ ಒಬ್ಬ ಡಾಕ್ಟರಮ್ಮ ಹಲ್ಲಿನ ತುದಿಗಳೆಲ್ಲ ಸವೆದು ಚಪ್ಪಟೆಯಾಗಿರುವುದನ್ನು ನೋಡಿ, ರಾತ್ರಿ ಹಲ್ಲು ಕಡಿಯುತ್ತಾರಾ ಅಂತ ನನ್ನನ್ನು ಕೇಳಿದರು. ಹೌದು, ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ! ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಳತೆ ತೆಗೆದು ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ಮಾಡಿಕೊಟ್ಟರು. ಆಮೇಲೆ ಹಾಕಿದ ಫಿಲ್ಲಿಂಗ್ ನಿಂತಿದೆ. ಬೆಳಿಗ್ಗೆ ಎದ್ದಾಗ ದವಡೆ ನೋಯುತ್ತಿದ್ದರೆ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಮೈಸೂರು, ಸರಸ್ವತಿಪುರಂನಿಂದ:

ಮಕ್ಕಳಿಗೆ ಹಾಕಿಸುವವರು ಓದುತ್ತಿದ್ದರೆ ಅವರಿಗೆ ಇದು. ನನ್ನ ಮಗ ಕುರ್ಚಿಯಲ್ಲಿ ಕೂತರೆ ಬಾಯಿ ತುಂಬ ಜೊಲ್ಲು, ನಾಲಗೆ ಸುಮ್ಮನಿರುವುದಿಲ್ಲ. ಅವನಿಗೆ ಗ್ಲಾಸ್ ಅಯಾನೊಮರ್ ಹಾಕಿದರು. ಅದು ತೇವ ಸ್ವಲ್ಪ ತಡೆಯುತ್ತದೆ, ಫ್ಲೋರೈಡನ್ನೂ ಬಿಡುತ್ತದೆ, ಆದರೆ ಜಗಿಯುವ ಒತ್ತಡಕ್ಕೆ ಕಾಂಪೋಸಿಟ್‌ನಷ್ಟು ಗಟ್ಟಿಯಲ್ಲ ಅಂತ ಮೊದಲೇ ತಿಳಿಸಿದ್ದರು. ಹಾಲು ಹಲ್ಲು ಬೀಳುವವರೆಗೆ ಬಂತು, ಅಷ್ಟೇ ಬೇಕಾಗಿತ್ತು.

ಖರ್ಚಿನ ಯೋಚನೆ ಇದ್ದವರು ದಂತ ಕಾಲೇಜಿನ ಆಸ್ಪತ್ರೆ ನೋಡಿ. ಮೈಸೂರಿನಲ್ಲಿ ಜೆಎಸ್‌ಎಸ್, ಫಾರೂಕಿಯಾ ಎರಡು ಇವೆ. ನಾನು ನನ್ನ ಹಲ್ಲಿಗೆ ಕಾಲೇಜಿನಲ್ಲೇ ಹಾಕಿಸಿದ್ದು. ಕಲಿಯುವವರು ಮಾಡುವುದರಿಂದ ಅರ್ಧ ದಿನ ಹೋಗುತ್ತದೆ. ಆದರೆ ಹುಡುಗಿ ಒಂದೊಂದು ಹಂತ ಮುಗಿಸಿದಾಗಲೂ ಮೇಷ್ಟ್ರು ಬಂದು ನೋಡಿ ಹೂಂ ಅಂದಮೇಲೇ ಮುಂದಕ್ಕೆ ಹೋಗುತ್ತಿದ್ದಳು. ಆ ನಿಧಾನ ನನಗೆ ಬಹಳ ಹಿಡಿಸಿತು.

ಪಾಂಡವಪುರದಿಂದ:

ಸಂಕ್ರಾಂತಿ ಹತ್ತಿರ ಬಂದಾಗ ಜ್ಞಾಪಕ ಇಟ್ಟುಕೊಳ್ಳಿ, ಕಬ್ಬನ್ನು ಆ ಹಲ್ಲಿನಿಂದ ಸಿಗಿಯಬೇಡಿ. ನನ್ನದು ಕಿತ್ತು ಬಂದದ್ದು ಹಾಗೇ. ಅಡಿಕೆ, ನಾಟಿಕೋಳಿ ಮೂಳೆ ಕೂಡ ಅಷ್ಟೇ.

ಮತ್ತೆ ಮಂಡ್ಯದಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಎಕ್ಸ್‌ರೇ ತೆಗೆಸಿದೆ. ಕೆಳಗೆ ಹುಳುಕಿದೆ, ನರಕ್ಕೆ ಇನ್ನೂ ಮುಟ್ಟಿಲ್ಲ, ಗೋಡೆ ಚೆನ್ನಾಗಿದೆ ಅಂದರು. ಕಾಂಪೋಸಿಟ್ ಹಾಕುತ್ತಾರಂತೆ. ಡಾಕ್ಟರ್ ಹತ್ತಿರ ಏನು ಕೇಳಬೇಕು? ತಪ್ಪು ತಿಳಿದುಕೊಳ್ಳುತ್ತಾರೋ ಅಂತ ಅಳುಕು.

ಹಲ್ಲಿನ ಡಾಕ್ಟರ್:

ಕೇಳಿ ಸರ್, ಅಳುಕು ಬೇಡ. ಒಳ್ಳೆಯ ಡಾಕ್ಟರಿಗೆ ವಿಚಾರಿಸುವ ರೋಗಿ ಅಂದರೆ ಇಷ್ಟ. ರಬ್ಬರ್ ಡ್ಯಾಮ್ ಹಾಕುತ್ತೀರಾ ಅಂತ ಕೇಳಿ. ನಿಮಗೆ ಊಟ ಸಿಕ್ಕಿಕೊಳ್ಳುತ್ತಿದೆಯಲ್ಲ, ಅದನ್ನು ಮರೆಯದೆ ಹೇಳಿ. ಪಕ್ಕದ ಹಲ್ಲಿಗೆ ಫಿಲ್ಲಿಂಗ್ ಬಿಗಿಯಾಗಿ ತಾಗದಿದ್ದರೆ ಎಷ್ಟು ಗಟ್ಟಿ ವಸ್ತು ಹಾಕಿದರೂ ಆ ಸಂದಿನಲ್ಲಿ ಕೊಳೆ ನಿಂತು ಮತ್ತೆ ಹುಳುಕಾಗುತ್ತದೆ. ಸಂದಿಗೆ ತೆಳು ಲೋಹದ ಪಟ್ಟಿ, ಸಣ್ಣ ಬೆಣೆ ಇಟ್ಟು ತುಂಬಿದರೆ ಆ ಬಿಗಿ ಬರುತ್ತದೆ. ಮುಗಿದಮೇಲೆ ಅಲ್ಲೇ ಫ್ಲಾಸ್ ದಾರ ಹಾಕಿ ತೋರಿಸಲು ಹೇಳಿ. ದಾರ ಟಕ್ ಅಂತ ಇಳಿಯಬೇಕು, ಎಳೆಯುವಾಗ ಹರಿಯಬಾರದು. ಮನೆಯಲ್ಲೂ ರಾತ್ರಿ ಅದೇ ದಾರ ಹಾಕುವುದು ರೂಢಿ ಮಾಡಿಕೊಳ್ಳಿ. ಸಕ್ಕರೆ ಹಾಕಿದ ಟೀ ದಿನಕ್ಕೆ ಎಷ್ಟು ಸಲ ಅನ್ನುವುದನ್ನೂ ನೋಡಿಕೊಳ್ಳಿ. ಒಟ್ಟು ಎಷ್ಟು ಸಕ್ಕರೆ ಅನ್ನುವುದರ ಜೊತೆಗೆ ಎಷ್ಟು ಸಲ ಬಾಯಿಗೆ ಹೋಗುತ್ತದೆ ಅನ್ನುವುದೂ ಹಲ್ಲಿಗೆ ಮುಖ್ಯ.

ಕಾಂಪೋಸಿಟ್ ಲೈಟು ಹಿಡಿದ ಕೂಡಲೇ ಗಟ್ಟಿಯಾಗುತ್ತದೆ, ಊಟಕ್ಕೆ ದಿನಗಟ್ಟಲೆ ಕಾಯಬೇಕಿಲ್ಲ. ಮರಗಟ್ಟಿದ್ದು ಬಿಡುವವರೆಗೆ ಮಾತ್ರ ತಿನ್ನಬೇಡಿ, ಕೆನ್ನೆ ಕಚ್ಚಿಕೊಳ್ಳುತ್ತೀರಿ. ಕೆಲವು ದಿನ ಸ್ವಲ್ಪ ಜುಮ್ ಅನ್ನುವುದು ಸಾಮಾನ್ಯ, ತಾನಾಗಿ ಇಳಿಯುತ್ತದೆ. ಆದರೆ ಹಲ್ಲು ಕೂಡಿಸಿದಾಗ ಆ ಜಾಗವೇ ಮೊದಲು ತಾಗುತ್ತಿದೆ, ಎತ್ತರ ಇದೆ ಅನ್ನಿಸಿದರೆ ಮರುದಿನವೇ ವಾಪಸ್ ಹೋಗಿ. ಇಂಜೆಕ್ಷನ್ ಕೊಟ್ಟಾಗ ಅದು ಸರಿಯಾಗಿ ಗೊತ್ತಾಗುವುದಿಲ್ಲ. ಉಜ್ಜಿ ಸರಿ ಮಾಡಲು ಐದು ನಿಮಿಷದ ಕೆಲಸ, ಹಾಗೇ ಬಿಟ್ಟರೆ ಹಲ್ಲೂ ನೋಯುತ್ತದೆ, ಫಿಲ್ಲಿಂಗೂ ಮುರಿಯುತ್ತದೆ.