ಫೈನಲ್ ಫ್ಯಾಂಟಸಿ 7: ಕ್ಲೌಡ್‌ನ ಕೈಗೆ ಬೆರಳುಗಳೇಕಿಲ್ಲ?

ಪ್ರಶ್ನೆ:
ಫೈನಲ್ ಫ್ಯಾಂಟಸಿ ವಿಡಿಯೊ ಗೇಮ್ ಸರಣಿಯ 6ನೇ ಆಟ ಮುಗಿಸಿ ನೇರವಾಗಿ 7ಕ್ಕೆ ಬಂದಿದ್ದೇನೆ. ಮಿಡ್‌ಗಾರ್ ನಗರದ ದೃಶ್ಯಗಳ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿ ಓಡಾಡುವ ನಾಯಕ ಕ್ಲೌಡ್‌ನ ಕೈಗಳು ಮರದ ದಿಮ್ಮಿಯ ಹಾಗಿವೆ. ಕಾಳಗ ಶುರುವಾದೊಡನೆ ಅದೇ ಕುಳ್ಳ ಎತ್ತರದ ಆಳಾಗುತ್ತಾನೆ! ಸಾಲದ್ದಕ್ಕೆ, ಯಾವುದು ಬಾಗಿಲು, ಯಾವುದು ಬರೀ ಚಿತ್ರ ಎಂದು ತಿಳಿಯದೆ ಗೋಡೆಗೆ ಹಾಯುತ್ತಿದ್ದೇನೆ. 1994ರ ಆ 6ನೇ ಆಟದಲ್ಲಿ ಪುಟ್ಟ ಪಿಕ್ಸೆಲ್ ಗೊಂಬೆಗಳೇ ಅಷ್ಟು ಲಕ್ಷಣವಾಗಿದ್ದಾಗ 3ಡಿಗೆ ಹೋಗುವ ದರ್ದೇನಿತ್ತು?

ಉತ್ತರ 1:
ನೀವು ನೋಡುತ್ತಿರುವುದು ಅರ್ಧ 3ಡಿ ಮಾತ್ರ. ಊರು, ಮನೆ, ಕಾರ್ಖಾನೆಗಳ ಹಿನ್ನೆಲೆಯೆಲ್ಲ ಮೊದಲೇ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಚಿತ್ರಗಳು. ಅವುಗಳ ಮೇಲೆ ಓಡಾಡುವ ಪಾತ್ರಗಳನ್ನಷ್ಟೇ ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ ಆ ಕ್ಷಣದಲ್ಲಿ ಪಾಲಿಗಾನ್‌ಗಳಿಂದ, ಅಂದರೆ ಪುಟ್ಟ ಚಪ್ಪಟೆ ತುಂಡುಗಳಿಂದ ಕಟ್ಟುತ್ತದೆ. ದೊಡ್ಡ ತಲೆ, ಗಿಡ್ಡ ದೇಹ ಎಲ್ಲಿಂದ ಬಂತು ಎನ್ನುತ್ತೀರಾ? ನೀವು ಮೆಚ್ಚಿದ 6ರ ಗೊಂಬೆಗಳ ಅಳತೆಯೇ ಅದು! ಕಾಳಗಕ್ಕೆ ಬೇರೆಯೇ ಮಾದರಿಗಳಿವೆ. ಅಲ್ಲಿ ಕ್ಯಾಮೆರಾ ಸುತ್ತಲೂ ತಿರುಗುವುದರಿಂದ ಮೈಕಟ್ಟು ಸರಿಯಾಗಿರಲೇಬೇಕಿತ್ತು.

ಇನ್ನು ದರ್ದು. ಈ ಸರಣಿ ಮಾಡಿದ ಸ್ಕ್ವೇರ್ ಕಂಪನಿ 1995ರಲ್ಲೇ 6ರ ಪಾತ್ರಗಳನ್ನು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಕಂಪ್ಯೂಟರುಗಳಲ್ಲಿ 3ಡಿಯಾಗಿ ಕಾದಾಡಿಸಿ ತೋರಿಸಿತ್ತು. ರುಚಿ ಹತ್ತಿದ ಮೇಲೆ ಜಾಗದ ಪ್ರಶ್ನೆ ಬಂತು. ನಿಂಟೆಂಡೊ ಕಂಪನಿಯ ಆಟದ ಯಂತ್ರ ನಿಂಟೆಂಡೊ 64 ನೆಚ್ಚಿಕೊಂಡಿದ್ದ ಕಾರ್ಟ್ರಿಜ್‌ನಲ್ಲಿ (ನಾವು ಕ್ಯಾಸೆಟ್ ಎನ್ನುತ್ತಿದ್ದೆವಲ್ಲ, ಅದೇ) ಹೆಚ್ಚೆಂದರೆ 64 ಎಂಬಿ. ಒಂದು ಸಿಡಿಯಲ್ಲಿ ಸುಮಾರು 650. ಅಷ್ಟೊಂದು ಚಿತ್ರ, ವಿಡಿಯೊಗಳನ್ನು ಎಲ್ಲಿ ತುಂಬುವುದು? ನಿಂಟೆಂಡೊದ ಹಳೆಯ ನಂಟು ಬಿಟ್ಟು ಸೋನಿಯ ಕಡೆ ಹೋದರು. 1997ರ ಜನವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಆಟಕ್ಕೆ ಮೂರು ಸಿಡಿಗಳು ಬೇಕಾದವು.

ಉತ್ತರ 2:
ಕಾರಣ ಒಪ್ಪಿದೆ, ಆದರೂ ಪ್ರಶ್ನೆ ಕೇಳಿದವರ ಪಕ್ಷ ನನ್ನದು. ಕಾಳಗದ ಕ್ಯಾಮೆರಾಕ್ಕೆ ತನ್ನದೇ ಜಂಬ. 'ನೈಟ್ಸ್ ಆಫ್ ದ ರೌಂಡ್' ಎಂಬ ಯೋಧರ ಪಡೆಯನ್ನು ಮಂತ್ರ ಹಾಕಿ ಕರೆದರೆ ಹದಿಮೂರು ಯೋಧರೂ ಬಂದು ಒಬ್ಬೊಬ್ಬರಾಗಿ ಹೊಡೆದು ಹೋಗುವವರೆಗೆ ಕಾಯಬೇಕು. ಮೊದಲ ಸಲ ರೋಮಾಂಚನ. ಆಮೇಲೆ ನಾನು ನೀರು ಕುಡಿಯಲು ಎದ್ದು ಹೋಗುತ್ತೇನೆ. 6ರಲ್ಲಿ ಮಂತ್ರ ಹಾಕಿದರೆ ಕೆಲಸ ಮುಗಿಯುತ್ತಿತ್ತು. ನನ್ನ ಮಟ್ಟಿಗೆ ಈ ಸರಣಿಗೆ 3ಡಿ ನಿಜವಾಗಿ ಒಗ್ಗಿದ್ದು 2001ರ 10ನೇ ಆಟದಲ್ಲಿ. ಅಲ್ಲಿ ಬಹುತೇಕ ಹಿನ್ನೆಲೆಯೂ 3ಡಿ, ಪಾತ್ರಗಳಿಗೆ ದನಿಯೂ ಇದೆ. ಆದರೆ ಪ್ರಪಂಚದ ನಕ್ಷೆಯಲ್ಲಿ ಮನಸ್ಸು ಬಂದ ಕಡೆ ಅಲೆಯುವ ಸುಖವನ್ನು ಅಲ್ಲಿ ಕಿತ್ತುಕೊಂಡರು. ಆ ಸಿಟ್ಟು ಬೇರೆ.

ಉತ್ತರ 3:
ವಾದ ನಡೆಯಲಿ. ಗೋಡೆಗೆ ಹಾಯುತ್ತಿರುವವರು ಸೆಲೆಕ್ಟ್ ಗುಂಡಿ ಒತ್ತಿ ನೋಡಿ. ಕ್ಲೌಡ್‌ನ ತಲೆಯ ಮೇಲೆ ಕೈಗುರುತು, ಹೊರದಾರಿಗಳ ಮೇಲೆ ಕೆಂಪು ಬಾಣ, ಏಣಿಗಳ ಮೇಲೆ ಹಸಿರು ಬಾಣ ಕಾಣಿಸುತ್ತವೆ.