ಹುಳದ ಪ್ರೋಟೀನಿಗೆ ಚರ್ಮ ಉಬ್ಬೋದಕ್ಕೆ ‘ಗಂಧೆ’ ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಕಡೆ ಕುರಿ ಸಾಕೋರಿಗೆ ಅಂತ ನಾಯಿಯಿಂದ ಹರಡೋ ಲಾಡಿಹುಳದ ಬಗ್ಗೆ ಒಂದು ಕೈಪಿಡಿ ಬರೀತಿದೀನಿ, ಚರ್ಮದ ಟೆಸ್ಟ್ ಭಾಗಕ್ಕೆ ಬಂದು ಪದ ಸಿಗದೆ ನಿಂತಿದೆ.

ಹಿಂದೆ ಕಸೋನಿ ಟೆಸ್ಟ್ ಅಂತ ಮಾಡ್ತಿದ್ರು, ಇಟಲಿಯ ಡಾಕ್ಟರೊಬ್ಬರ ಹೆಸರದು. ಈ ಹುಳದ ಮರಿಗಳಿರೋ ನೀರುಗಡ್ಡೆ ಕುರಿ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಇರುತ್ತಲ್ಲ, ಅದರ ನೀರನ್ನ ಸೋಸಿ ಶುದ್ಧ ಮಾಡಿ ಮುಂಗೈ ಚರ್ಮದ ಪದರದೊಳಕ್ಕೆ ಒಂಚೂರು ಚುಚ್ಚೋರು, ಇನ್ನೊಂದು ಕೈಗೆ ಬರೀ ಸಲೈನು. ಆ ಹುಳದ ಪ್ರೋಟೀನನ್ನ ಮೈ ಮೊದಲೇ ಕಂಡಿದ್ರೆ 15-20 ನಿಮಿಷದಲ್ಲಿ ಆ ಜಾಗ ಉಬ್ಬುತ್ತೆ, ಸುತ್ತ ಕೆಂಪಾಗುತ್ತೆ, ನವೆ ಶುರುವಾಗುತ್ತೆ, ಸಲೈನ್ ಚುಚ್ಚಿದ ಕೈ ಹಂಗೇ ಇರುತ್ತೆ. ಐಜಿಇ ಅನ್ನೋ ಪ್ರತಿಕಾಯ ಚರ್ಮದಲ್ಲಿರೋ ಮಾಸ್ಟ್ ಅನ್ನೋ ಕೋಶಗಳ ಮೇಲೆ ಮೊದ್ಲೇ ಕೂತಿರುತ್ತೆ, ಪ್ರೋಟೀನು ಬಂದು ಅದಕ್ಕೆ ಅಂಟಿದ್ ತಕ್ಷಣ ಕೋಶ ಹಿಸ್ಟಮಿನ್ ಅನ್ನೋ, ಊತ-ನವೆ ತರಿಸೋ ರಾಸಾಯನಿಕ ಬಿಡುತ್ತೆ. ಅದೇ ಜಾಗ ಒಂದೆರಡು ದಿನ ಆದ್ಮೇಲೆ ಗಟ್ಟಿಯಾಗಿ ಊದ್ಕೊಂಡ್ರೆ ಅದು ಬೇರೆ ಕಥೆ, ಟಿ ಕೋಶ ಅನ್ನೋ ಬಿಳಿ ರಕ್ತಕಣಗಳದ್ದು.

ಎರಡಕ್ಕೂ ‘ದದ್ದು’ ಅಂತ ಬರೆದ್ರೆ ವ್ಯತ್ಯಾಸನೇ ಹೋಗುತ್ತೆ. ಮೊದಲನೇದಕ್ಕೆ ‘ಗಂಧೆ’ ಸರಿ ಅನ್ನಿಸ್ತಿದೆ, ಯಾಕಂದ್ರೆ ಪಿತ್ತದ ಗಂಧೆ ಅಂತೀವಲ್ಲ, ಅದೂ ಇದ್ದಕ್ಕಿದ್ದಂಗೆ ಎದ್ದು ಕೆಲವು ಗಂಟೆಯಲ್ಲಿ ಗುರುತೇ ಇಲ್ದಂಗೆ ಇಳಿಯುತ್ತೆ, ಒಳಗೆ ನಡೆಯೋದೂ ಹೆಚ್ಚುಕಮ್ಮಿ ಇದೇ. ಆದ್ರೆ ‘ಪಿತ್ತ’ ಬಿಡ್ಲೇಬೇಕು, ಇಲ್ದಿದ್ರೆ ಊಟದಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಅನ್ಕೋತಾರೆ. ಎರಡನೇದಕ್ಕೆ ‘ಗಡಸು ಊತ’ ಅಂತ ಹಾಕಿದೀನಿ, ಇದಕ್ಕಿಂತ ಒಳ್ಳೇದು ಇದ್ರೆ ಹೇಳಿ.

‘ರೋಗನಿರೋಧಕ ಶಕ್ತಿ’ನ ಇಲ್ಲಿ ತರೋಕೆ ನಂಗೆ ಧೈರ್ಯ ಇಲ್ಲ. ಗಂಧೆ ಎದ್ರೆ ಶಕ್ತಿ ಇದೆ, ಇನ್ನೇನೂ ಆಗಲ್ಲ ಅಂತ ಓದೋರು ತಿಳ್ಕೊಂಡ್ರೆ ಅಪಾಯ. ಗಂಧೆ ಎದ್ದ ಮಾತ್ರಕ್ಕೆ ಹುಳ ಈಗ ಒಳಗಿದೆ ಅಂತಲೂ ಅಲ್ಲ, ಗಡ್ಡೆ ಆಪರೇಷನ್ ಮಾಡಿ ತೆಗೆದು ವರ್ಷಗಳಾದ್ರೂ ಏಳ್ತಿತ್ತು, ಬೇರೆ ಲಾಡಿಹುಳ ಇದ್ದೋರಿಗೂ ಏಳ್ತಿತ್ತು, ಅದಕ್ಕೇ ಈ ಟೆಸ್ಟ್ ಬಿಟ್ಟು ಸ್ಕ್ಯಾನು, ರಕ್ತಪರೀಕ್ಷೆಗೆ ಹೋದ್ರು. ಹಾಗಾಗಿ ‘ಚರ್ಮ ಗುರುತು ಹಿಡೀತು’ ಅಂತಷ್ಟೇ ಬರೆದಿದೀನಿ.

ಇನ್ನೊಂದು ತೊಡಕು ‘ಹುಳ’. ಶಿಡ್ಲಘಟ್ಟದ ಕಡೆ ಬರೀ ಹುಳ ಅಂದ್ರೆ ರೇಷ್ಮೆಹುಳ, ‘ಹುಳ ಹಣ್ಣಾಗಿದೆ, ಚಂದ್ರಿಕೆಗೆ ಬಿಡಬೇಕು’ (ಅಂದ್ರೆ ಗೂಡು ಕಟ್ಟೋಕೆ ತಟ್ಟೆಗೆ ಬಿಡಬೇಕು) ಅನ್ನೋ ಮನೆಯಲ್ಲಿ ‘ಹುಳದ ಪ್ರೋಟೀನ್’ ಅಂತ ಓದಿದ್ರೆ ಏನಂತ ಅರ್ಥ ಮಾಡ್ಕೋತಾರೆ? ‘ಪರೋಪಜೀವಿ’ ಸೇರಿಸಿದ್ರೂ ರೇಷ್ಮೆಹುಳಾನೇ ತಿನ್ನೋ ಊಜಿ ನೊಣದ ಮರಿ ನೆನಪಾಗ್ಬಹುದು. ಅದಕ್ಕೆ ಪ್ರತಿ ಸಲವೂ ಲಾಡಿಹುಳ, ಕೊಕ್ಕೆಹುಳ, ಜಂತುಹುಳ ಅಂತ ಪೂರ್ತಿ ಹೆಸರೇ ಹಾಕ್ತಿದೀನಿ.

ಕೊನೇದಾಗಿ ಕೋಲಾರ, ತುಮಕೂರಿನೋರು ಹೇಳಿ: ಕೊಕ್ಕೆಹುಳದ ಮರಿ ಬರಿಗಾಲಿನ ಬೆರಳ ಸಂದಿಯಲ್ಲಿ ತೂರಿದ ಜಾಗ ಕೆಂಪಾಗಿ ವಿಪರೀತ ನವೆಯಾಗುತ್ತಲ್ಲ, ಅದನ್ನೂ ನಿಮ್ಮೂರಲ್ಲಿ ‘ಕೆಸರುಹುಣ್ಣು’ ಅಂತೀರಾ, ಇಲ್ಲಾ ಅದಕ್ಕೆ ಬೇರೆ ಹೆಸರಿದೆಯಾ?