ಹೋರಿ ಎತ್ತಾಗುವುದು ಯಾವಾಗ? ಬೀಜ ಒಡೆದ ಟಗರು, ಹೋತಕ್ಕೆ ಏನಂತಾರೆ?

ಪೇಟೆ ಅಳಿಯ:
ಮಾವನವರು ಜಾತ್ರೆಯಿಂದ ಒಂದು ಜೊತೆ ಹಳ್ಳಿಕಾರ್ ತಳಿಯ ದನ ತಂದಿದ್ದಾರೆ. ಇನ್ನೂ ಎರಡಲ್ಲು, ಅಂದ್ರೆ ಹಾಲುಹಲ್ಲು ಬಿದ್ದು ಎರಡೇ ದೊಡ್ಡ ಹಲ್ಲು ಬಂದಿರುವ ಪ್ರಾಯ. ಮಾವ ಹೋರಿ ಅಂತಾರೆ, ಪಕ್ಕದ ಹೊಲದವರು ಎತ್ತು ಅಂತಾರೆ. ಯಾವುದು ಸರಿ? ಕುರಿ, ಮೇಕೆಗೂ ಹೀಗೇ ಬೇರೆ ಹೆಸರು ಇದೆಯಾ?

ತುಮಕೂರು ರೈತ:
ಇನ್ನೂ ಬೀಜ (ವೃಷಣ) ಒಡೆಸಿಲ್ಲ ಅಂದ್ರೆ ನಿಮ್ಮ ಮಾವ ಹೇಳಿದ್ದೇ ಸರಿ. ಬೀಜ ಒಡೆಸುವ ತನಕ ಹೋರಿ, ಒಡೆಸಿದ ಮೇಲೆ ಎತ್ತು. ನೊಗಕ್ಕೆ ಕಟ್ಟಿದ್ದನ್ನೆಲ್ಲ ಎತ್ತು ಅನ್ನುವವರೂ ಇದ್ದಾರೆ, ಅದಕ್ಕೇ ಈ ಗಲಾಟೆ. ಹಸು ಕಟ್ಟಿಸೋಕೆ ಇಟ್ಟುಕೊಂಡರೆ ಬೀಜದ ಹೋರಿ. ದೇವರಿಗೆ ಬಿಟ್ಟರೆ ಬಸವ, ಅದರ ತಂಟೆಗೆ ಯಾರೂ ಹೋಗುವುದಿಲ್ಲ.

ಅವಸರ ಮಾಡಬೇಡಿ. ಕರು ಇದ್ದಾಗಲೇ ಒಡೆಸಿದರೆ ಕಾಲು ಉದ್ದ ಬೆಳೆಯುತ್ತದೆ, ಹಿಣಿಲು (ಹೆಗಲ ಮೇಲಿನ ಡುಬ್ಬ) ಏಳುವುದಿಲ್ಲ, ಕತ್ತು ಸಣ್ಣದಾಗೇ ಉಳಿಯುತ್ತದೆ. ನೊಗ ಕೂರುವುದೇ ಅಲ್ಲಿ ಅಲ್ವಾ? ಹಾಗಂತ ಜಾಸ್ತಿ ತಡ ಮಾಡಿದರೂ ಕಷ್ಟ. ಪಕ್ಕದ ಹೊಲದಲ್ಲಿ ಹಸು ಬೆದೆಗೆ ಬಂದರೆ ನೇಗಿಲು ಸಮೇತ ಅತ್ತ ಎಳೆಯುತ್ತದೆ. ಅಡ್ಡ ನಿಂತು ನೋಡಿ, ಹಿಣಿಲು ಎದ್ದು ಕತ್ತು ತುಂಬಿದ್ದರೆ ಒಡೆಸಬಹುದು.

ಇನ್ನು ಕೋಣ ಒಡೆಸಿದರೂ ಕೋಣವೇ. ಟಗರು, ಹೋತಕ್ಕೂ ನಮ್ಮ ಕಡೆ ಬೇರೆ ಹೆಸರಿಲ್ಲ, ಸುಮ್ನೆ ಒಡೆದ ಟಗರು, ಒಡೆದ ಹೋತ ಅಂತೀವಿ. ವರ್ಷವಿಡೀ ಉಳುಮೆಗೆ ಬರೋದು ಎತ್ತು, ಹೆಸರು ಸಿಕ್ಕಿದ್ದೂ ಅದಕ್ಕೇ ಅನ್ನೋದು ನನ್ನ ಲೆಕ್ಕ. ಹೋತವನ್ನು ಒಡೆಸೋದು ನಾತಕ್ಕೆ ಹೆದರಿ. ಬೆದೆಯ ಕಾಲದಲ್ಲಿ ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹೊಯ್ದುಕೊಳ್ಳುವ ಪ್ರಾಣಿ ಅದು! ಕೊಟ್ಟಿಗೆಗೆ ಕಾಲಿಡೋಕೆ ಆಗಲ್ಲ.

ಹಾವೇರಿ ಹುಡುಗ:
ನಮ್ಮ ಕಡೆ ಬಂದು ಹಬ್ಬದ ಹೋರಿಯನ್ನು ಎತ್ತು ಅಂದು ನೋಡಿ, ಜಗಳವೇ ಆಗುತ್ತದೆ 😄 ದೀಪಾವಳಿ ಆದಮೇಲೆ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸ್ತೀವಿ. ಕೊಬ್ಬರಿ ಹೋರಿ ಅನ್ನೋದೇ ಅದರ ಹೆಸರು.

ಪೇಟೆ ಅಳಿಯ:
ಒಡೆಸೋದು ಅಂದ್ರೆ ಕಲ್ಲಲ್ಲಿ ಜಜ್ಜೋದಾ? ಕೇಳಿಯೇ ಮೈ ಜುಮ್ ಅಂತಿದೆ.

ಪಶು ಆಸ್ಪತ್ರೆಯಲ್ಲಿದ್ದವನು:
ಹಿಂದೆ ಜಜ್ಜುತ್ತಿದ್ದರು. ಈಗ ಬರ್ಡಿಜೊ ಅಂತ ದೊಡ್ಡ ಇಕ್ಕಳ ಇದೆ. ಚರ್ಮ ಕುಯ್ಯೋದಿಲ್ಲ, ಹೊರಗಿಂದಲೇ ಬೀಜದ ನರ ಅಮುಕಿ ಒಡೆಯುತ್ತಾರೆ. ಒಂದು ಸಲಕ್ಕೆ ಒಂದೇ ನರ. ಎರಡು ಕಡೆ ಅಮುಕಿದ ಗೆರೆಗಳು ಸೇರಬಾರದು. ಸೇರಿದರೆ ಕೆಳಗಿನ ಚೀಲಕ್ಕೆ ರಕ್ತ ಹೋಗದೆ ಕೊಳೆಯುತ್ತದೆ. ಆಮೇಲೆ ಊತ ಬರುತ್ತದೆ, ಇಳಿಯುತ್ತದೆ, ಬೀಜ ವಾರಗಟ್ಟಲೆ ನಿಧಾನವಾಗಿ ಬತ್ತುತ್ತದೆ. ನೋವಂತೂ ಇದ್ದೇ ಇದೆ, ಅರಿವಳಿಕೆ ಸೂಜಿ ಹಾಕಿಸಿಯೇ ಮಾಡಿಸಿ. ಡಾಕ್ಟರೇ ಮಾಡಬೇಕು, ಊರಲ್ಲಿ ಯಾರದೋ ಹತ್ತಿರ ಇಕ್ಕಳ ಇದೆ ಅಂತ ಕೈ ಹಾಕಬೇಡಿ.

ತುಮಕೂರು ರೈತ:
ಇನ್ನೊಂದು ಮಾತು. ಒಡೆಸಿದ ಮಾರನೇ ದಿನವೇ ಹಸುಗಳ ಜೊತೆ ಮೇಯೋಕೆ ಬಿಡಬೇಡಿ. ಕೆಲವು ವಾರ ಇನ್ನೂ ಗಬ್ಬ ಕಟ್ಟುವ ಶಕ್ತಿ ಇರುತ್ತದೆ.